ಕೆಂಪು ಕೈಗವಸು, ಎಡಗೈಯದು

ನಾನೂ ಒಂದು ಕಾಲದಲ್ಲಿ ಪತ್ರಿಕೆಯಲ್ಲಿ ಕೆಲಸ ಮಾಡಿದವಳು ಎಂದರೆ ನಮ್ಮ ಮನೆಯಲ್ಲಿ ನಗುತ್ತಾರೆ. ನಗಲಿ. ವಾರಕ್ಕೊಮ್ಮೆ, ಗುರುವಾರ, ಒಂದು ಹಾಳೆಯ ಎರಡು ಮಗ್ಗುಲು ತುಂಬಿಕೊಂಡು, ಶಾಲೆಯ ಪ್ರತಿ ಮಗುವಿನ ಚೀಲದಲ್ಲಿ ಮನೆಗೆ ಹೋಗುತ್ತಿದ್ದ ಪತ್ರಿಕೆ ಅದು. ನಾನಿದ್ದ ಮೂರು ವರ್ಷದಲ್ಲಿ ಒಂದು ಗುರುವಾರವೂ ತಪ್ಪಲಿಲ್ಲ. ಸ್ಪೆಲ್ಲಿಂಗ್ ತಪ್ಪು ಬಿದ್ದದ್ದು ಎರಡೇ ಸಲ, ಅದರಲ್ಲಿ ಒಂದು ನನ್ನದಲ್ಲ. ಆದರೆ ಒಮ್ಮೆ ಒಂದು ಶುದ್ಧ ಸುಳ್ಳನ್ನು ನಾನೇ ಅಚ್ಚು ಹಾಕಿಸಿದೆ. ಆ ಕಥೆಯನ್ನು ಹೇಳಬೇಕೆಂದೇ ಕೂತಿದ್ದೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ಗೆ ಬಂದೆವು. ಗಂಡನಿಗೆ ಸಾಫ್ಟ್‌ವೇರ್ ಕೆಲಸ. ನನಗೆ ಗಂಡನ ವೀಸಾದ ಬೆನ್ನಿಗಂಟಿದ ವೀಸಾ, ಅದರಲ್ಲಿ ಕೆಲಸ ಮಾಡುವಂತಿಲ್ಲ. ಮಗಳಿಗೆ ಐದು ವರ್ಷ. ಆ ಊರಿನಲ್ಲಿ ಅರ್ಧ ಲೀಟರ್ ಹಾಲು ತರಬೇಕೆಂದರೂ ಕಾರು ಹತ್ತಬೇಕು, ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಟೆಸ್ಟಿಗೆಂದು ಎರಡು ಸಲ ಹೋಗಿ ಎರಡು ಸಲವೂ ಫೇಲಾಗಿ ಬಂದಿದ್ದೆ. ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದು ಹೋಗುವಷ್ಟು ಹತ್ತಿರವಿದ್ದದ್ದು ಒಂದೇ ಶಾಲೆ, ಎಪಿಸ್ಕೋಪಲ್ ಚರ್ಚಿನವರು ನಡೆಸುತ್ತಿದ್ದ ಪುಟ್ಟ ಶಾಲೆ. ಮಕ್ಕಳು ತೊಂಬತ್ತೋ ತೊಂಬತ್ತೈದೋ ಇದ್ದಿರಬೇಕು. ಅಲ್ಲಿಗೇ ಸೇರಿಸಿದೆವು.

ಸುತ್ತಮುತ್ತಲಿನ ನಮ್ಮವರು ಸುಮ್ಮನಿರುತ್ತಾರೆಯೇ? "ಏನ್ರೀ, ಚರ್ಚ್ ಸ್ಕೂಲಿಗೆ ಹಾಕ್ಬಿಟ್ರಾ?" ಎಂದು ಪಕ್ಕದ ಊರು ಮಾರಿಸ್‌ವಿಲ್‌ನ ಒಬ್ಬ ಆಂಟಿ ಕೇಳಿದರು. ಬೆಂಗಳೂರಿನಲ್ಲಿ ತಮ್ಮ ಮಗನಿಗೆ ಕಾನ್ವೆಂಟ್ ಸೀಟು ಸಿಗಲೆಂದು ಯಾರ್ಯಾರ ಶಿಫಾರಸು ಹಿಡಿದಿದ್ದರು ಎಂದು ಅವರೇ ಹಿಂದಿನ ವಾರ ವರ್ಣಿಸಿದ್ದರು. ಅದನ್ನು ನೆನಪಿಸಿದೆ. ನನ್ನ ನಾಲಿಗೆ ಇರುವುದೇ ಹಾಗೆ.

ಪ್ರತಿ ಮನೆಯವರೂ ಶಾಲೆಗಾಗಿ ಏನಾದರೊಂದು ಕೆಲಸ ಮಾಡಿಕೊಡಬೇಕೆಂಬುದು ಅಲ್ಲಿಯ ಪದ್ಧತಿ. ಬೇರೆ ತಾಯಂದಿರು ಮಕ್ಕಳನ್ನು ವ್ಯಾನಿನಲ್ಲಿ ಮ್ಯೂಸಿಯಂಗೆ ಕರೆದೊಯ್ಯುತ್ತಿದ್ದರು, ಕೇಕ್ ಮಾಡಿ ತರುತ್ತಿದ್ದರು. ನನಗೆ ವ್ಯಾನೂ ಬಾರದು, ಮೊಟ್ಟೆಯೂ ಆಗದು. ಶಾಲೆಯ ಆಫೀಸನ್ನು ನೋಡಿಕೊಳ್ಳುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಸೆಕ್ರೆಟರಿ. ಗಂಡ ತೀರಿಹೋದ ಮೇಲೆ ಬೇಸರ ಕಳೆಯಲೆಂದು ಬಂದು ಕೂತವರು ಹದಿನೆಂಟು ವರ್ಷದಿಂದ ಎದ್ದಿರಲಿಲ್ಲ. ಎಲ್ಲರನ್ನೂ "ಹನಿ", ಅಂದರೆ ಜೇನೇ, ಎಂದೇ ಕರೆಯುತ್ತಿದ್ದರು, ಅಂಚೆಯವನನ್ನೂ ಬಿಡದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಸರಿ ಹನಿ, ನಿನಗೆ ಏನು ಬರುತ್ತೆ ಹೇಳು" ಎಂದರು.

ಪಿಯುಸಿ ರಜೆಯಲ್ಲಿ ಮನೆಯಲ್ಲಿ ಕೂತು ಹಾಳಾಗಬಾರದೆಂದು ನಮ್ಮಪ್ಪ ನನ್ನನ್ನು ಮೈಸೂರಿನ ಒಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದ್ದರು. ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ. ಅಲ್ಲಿಯ ಮೇಷ್ಟ್ರು ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿ ಟೈಪ್ ಮಾಡಿಸುತ್ತಿದ್ದರು, ಕಣ್ಣು ಕೀಲಿಯ ಮೇಲೆ ಹೋಗಬಾರದೆಂದು. "ಟೈಪಿಂಗ್ ಬರುತ್ತೆ" ಎಂದೆ. ಸೆಕ್ರೆಟರಿ ಒಂದು ಹಾಳೆ ಕೊಟ್ಟರು. ಅವರು ಕಾಫಿ ಬಗ್ಗಿಸಿಕೊಂಡು ಬರುವಷ್ಟರಲ್ಲಿ ಮುಗಿಸಿಟ್ಟೆ. ಮಾರನೆಯ ವಾರದಿಂದ ಪತ್ರಿಕೆ ನನ್ನದಾಯಿತು. ಮದುವೆಯಾಗಿ ಏಳು ವರ್ಷವಾದ ಮೇಲೆ ಮೊದಲ ಸಲ ಯಾರೋ ನನ್ನ ಕೆಲಸ ನೋಡಿ ಭೇಷ್ ಎಂದಿದ್ದರು. ಆ ಸಂತೋಷ ಎಷ್ಟೆಂದು ಮನೆಯಲ್ಲಿ ಕೂತವರಿಗೇ ಗೊತ್ತು.

ಪತ್ರಿಕೆಯಲ್ಲಿ ಏನಿರುತ್ತಿತ್ತು ಎಂದರೆ, ಊಟದ ಪಟ್ಟಿ, ರಜೆಯ ವಿಚಾರ, ಕೊನೆಯಲ್ಲಿ ಕಳೆದುಹೋದ ಸ್ವೆಟರ್, ಸಿಕ್ಕಿದ ನೀರಿನ ಬಾಟಲು. ಆದರೆ ಎಲ್ಲರೂ ಮೊದಲು ಓದುತ್ತಿದ್ದದ್ದು "ಸಂತೋಷಗಳು, ಚಿಂತೆಗಳು" ಎಂಬ ಕಾಲಂ. ಯಾರಿಗೆ ಮಗುವಾಯಿತು, ಯಾರ ಅಜ್ಜಿ ಬಿದ್ದರು, ಯಾರಿಗೆ ಆಪರೇಷನ್ ಆಗಲಿದೆ, ಎಲ್ಲವೂ ಹೆಸರು ಸಮೇತ ಅಲ್ಲಿ ಬರುತ್ತಿತ್ತು. ಕೆಳಗೆ, ಈ ಮನೆಗೆ ಇಷ್ಟು ದಿನ ಊಟ ಬೇಕು, ಕೊಡುವವರು ಆಫೀಸಿನ ಬಾಗಿಲಲ್ಲಿರುವ ಪಟ್ಟಿಯಲ್ಲಿ ಹೆಸರು ಬರೆಯಿರಿ ಎಂದು ಒಂದು ಸಾಲು. ಆ ಪಟ್ಟಿಗೆ ಗೆರೆ ಹಾಕಿ ಅಂಟಿಸುತ್ತಿದ್ದವಳೂ ನಾನೇ. ಸೋಮವಾರದೊಳಗೆ ಪಟ್ಟಿ ತುಂಬದಿದ್ದರೆ ಆಫೀಸಿನ ಮುಂದೆ ಹಾದುಹೋಗುವ ತಾಯಂದಿರ ಕೈಗೆ ನಾನೇ ಪೆನ್ನು ಕೊಡುತ್ತಿದ್ದೆ. ಬೇರೆಯವರ ಕಷ್ಟವನ್ನು ಇಷ್ಟು ಅಚ್ಚುಕಟ್ಟಾಗಿ ನೋಡಿಕೊಂಡವಳು ಆ ಶಾಲೆಯಲ್ಲಿ ಇನ್ನೊಬ್ಬಳಿರಲಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಎರಡನೆಯ ವರ್ಷದ ಚಳಿಗಾಲದಲ್ಲಿ ನನ್ನ ಗಂಡನಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳತೊಡಗಿತು. ಚಿಕ್ಕಂದಿನಲ್ಲಿ ಬಂದಿದ್ದ ಯಾವುದೋ ಜ್ವರ ಹೃದಯದ ಒಂದು ಕವಾಟವನ್ನು ಕೆಡಿಸಿಟ್ಟು ಹೋಗಿದೆ, ಇಷ್ಟು ವರ್ಷ ಹೇಗೋ ನಡೆದಿದೆ, ಇನ್ನು ನಡೆಯುವುದಿಲ್ಲ ಎಂದರು ಡಾಕ್ಟರು. ಕಾರಿನಲ್ಲಿ ಅರ್ಧ ಗಂಟೆ ದೂರದ ಡರ್ಹಮ್‌ನ ದೊಡ್ಡ ಆಸ್ಪತ್ರೆಯಲ್ಲಿ ಎದೆ ತೆರೆದು ಹೊಸ ಕವಾಟ ಹಾಕಬೇಕು. ಮುಂದಿನ ಮಂಗಳವಾರ ಆಪರೇಷನ್. ಒಂದು ವಾರ ಆಸ್ಪತ್ರೆ, ಆಮೇಲೆ ಆರು ವಾರ ಕಾರು ಓಡಿಸುವಂತಿಲ್ಲ. ಗಂಡನಿಗೆ ಆಗ ಮೂವತ್ತಾರು ವರ್ಷ.

ನಾನು ಮಾಡಿದ ಮೊದಲ ಕೆಲಸ ಮನೆಯಲ್ಲಿ ಎಲ್ಲರ ಬಾಯಿ ಕಟ್ಟಿದ್ದು. ಊರಿಗೆ ಹೇಳಬಾರದು, ಹೆದರಿ ಸಾಯುತ್ತಾರೆ. ಇಲ್ಲಿಯ ಕನ್ನಡದವರಿಗೆ ಹೇಳಬಾರದು. ಒಬ್ಬರಿಗೆ ಹೇಳಿದರೆ ಸಂಜೆಯೊಳಗೆ ಎಲ್ಲರ ಅಡುಗೆಮನೆಯಲ್ಲೂ ನಮ್ಮದೇ ಮಾತು. ಶಾಲೆಯಲ್ಲಿ ಹೇಳುವ ಪ್ರಶ್ನೆಯೇ ಇಲ್ಲ. ಕಾಯಿಲೆಯ ವಿಷಯ ನಾಲ್ಕು ಜನರ ಬಾಯಿಗೆ ಬಿದ್ದರೆ ಕಾಯಿಲೆ ಹೆಚ್ಚುತ್ತದೆ ಎಂದು ನಮ್ಮಮ್ಮ ನಂಬಿದ್ದರು. ನಾನು ನಂಬುವುದಿಲ್ಲ ಎಂದುಕೊಂಡಿದ್ದೆ, ಆದರೆ ನಂಬಿದ್ದೆ. ಅದಕ್ಕಿಂತ ಹೆಚ್ಚಾಗಿ, ಅಯ್ಯೋ ಪಾಪ ಎನ್ನಿಸಿಕೊಳ್ಳುವುದು ನನಗೆ ಆಗದು. ಟ್ಯಾಕ್ಸಿಗೆ ಫೋನ್ ಮಾಡಿ ಮಂಗಳವಾರ ಬೆಳಗಿಗೆ ಹೇಳಿಟ್ಟೆ. ಆಮೇಲಿನ ದಿನಗಳಲ್ಲಿ ದಿನವೂ ಡರ್ಹಮ್‌ಗೆ ಹೇಗೆ ಹೋಗುತ್ತೇನೆ, ಮಗಳನ್ನು ಎಲ್ಲಿ ಬಿಡುತ್ತೇನೆ ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಗಂಡ ಕಣ್ಣು ಬಿಟ್ಟಾಗ ಪಕ್ಕದಲ್ಲಿ ನಾನಿಲ್ಲದೆ ಹೋದರೆ ಎಂದು ಯೋಚಿಸಿದಾಗಲೆಲ್ಲ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆದರೂ ಯಾರನ್ನೂ ಕೇಳುವುದಿಲ್ಲ ಎಂದು ಹಠ ಹಿಡಿದೆ.

ಬುಧವಾರ ಎಂದಿನಂತೆ ಟೈಪ್ ಮಾಡಲು ಕೂತೆ. ಕೈಬರಹದ ಚೀಟಿಗಳ ಕಟ್ಟು ಮೇಜಿನ ಮೇಲಿತ್ತು. "ಚಿಂತೆಗಳು" ಕಾಲಂನ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು. ನಮ್ಮ ಒಂದನೇ ತರಗತಿಯ ಒಂದು ಮಗುವಿನ ತಂದೆಗೆ ಮಂಗಳವಾರ ಡರ್ಹಮ್‌ನಲ್ಲಿ ಹೃದಯದ ಆಪರೇಷನ್, ಆ ಮನೆಯವರಿಗೆ ಓಡಾಡಲು ಕಾರಿನ ಸಹಾಯ ಬೇಕಾದೀತು. ಪಕ್ಕದಲ್ಲಿ, "ಬೇಡವೆನಿಸಿದರೆ ತೆಗೆದುಬಿಡು" ಎಂದು ಬರೆದಿತ್ತು. ಅಕ್ಷರ ಶಾಲೆಯ ಮುಖ್ಯಸ್ಥೆಯದು. ಆಕೆಯೇ ಆ ಚರ್ಚಿನ ಪಾದ್ರಿ ಕೂಡ. ಹೆಂಗಸೊಬ್ಬರು ಪಾದ್ರಿಯ ಬಿಳಿ ಕಾಲರ್ ಹಾಕಿಕೊಂಡದ್ದನ್ನು ನಾನು ನೋಡಿದ್ದು ಅಲ್ಲೇ ಮೊದಲು. ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬ ಫಾರ್ಮ್ ತುಂಬಿಸಲು ನನ್ನ ಗಂಡ ಆಕೆಗೆ ವಿಷಯ ಹೇಳಿದ್ದರಂತೆ. ನನಗೆ ರಕ್ತ ತಲೆಗೇರಿತು.

ಆ ಸಾಲನ್ನು ಬಿಟ್ಟೆ. ಬಿಟ್ಟ ಮೇಲೆ ಹಾಳೆಯ ತಳದಲ್ಲಿ ಎರಡು ಸಾಲಿನ ಜಾಗ ಖಾಲಿ ಉಳಿಯಿತು. ಖಾಲಿ ಜಾಗ ಬಿಟ್ಟು ಪತ್ರಿಕೆ ಕಳಿಸುವುದು ನನ್ನ ಜಾಯಮಾನವಲ್ಲ. ಕಿಟಕಿಯಾಚೆ ಮಕ್ಕಳು ಕೈಗವಸು ಹಾಕಿಕೊಂಡು ಆಡುತ್ತಿದ್ದರು. "ಸಿಕ್ಕಿದೆ: ಕೆಂಪು ಉಣ್ಣೆಯ ಕೈಗವಸು, ಎಡಗೈಯದು ಮಾತ್ರ. ಕಳೆದುಕೊಂಡವರು ಆಫೀಸಿಗೆ ಬನ್ನಿ" ಎಂದು ಟೈಪ್ ಮಾಡಿ ಜಾಗ ತುಂಬಿಸಿದೆ. ಕೈಗವಸು ಎಲ್ಲಿತ್ತು? ಎಲ್ಲೂ ಇರಲಿಲ್ಲ. ಅಚ್ಚಿಗೆ ಮುಂಚೆ ಪ್ರತಿ ಸಾಲನ್ನೂ ಓದುವ ಸೆಕ್ರೆಟರಿ ಅವತ್ತೂ ಓದಿದರು. ಕೈಗವಸಿನ ಸಾಲಿನ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತದ್ದನ್ನು ನೋಡಿದೆ. ಆಮೇಲೆ ಹಾಳೆಯನ್ನು ಕಾಪಿ ಮಷಿನ್‌ಗೆ ಹಾಕಿದರು.

ಶುಕ್ರವಾರ ಬೆಳಿಗ್ಗೆ ಎರಡನೇ ತರಗತಿಯ ಮಗುವೊಂದನ್ನು ಕರೆದುಕೊಂಡು ಅದರ ತಾಯಿ ಆಫೀಸಿಗೆ ಬಂದರು. "ಕೆಂಪು ಮಿಟನ್ ಸಿಕ್ಕಿದೆಯಂತೆ, ನಮ್ಮದೇ ಇರಬೇಕು." ನಾನು ಮುಖವೆತ್ತದೆ, "ಈಗಷ್ಟೇ ಯಾರೋ ತಗೊಂಡು ಹೋದರು" ಎಂದೆ. ಆ ಮಗುವಿನ ಬರಿಗೈ ನೋಡಿ ನನಗೇ ಕಸಿವಿಸಿಯಾಯಿತು. ಸೆಕ್ರೆಟರಿ ಪೆನ್ಸಿಲ್ ಚೂಪು ಮಾಡುತ್ತಲೇ ಇದ್ದರು.

ಅಲ್ಲಿ ದಿನವೂ ಬೆಳಿಗ್ಗೆ ಹದಿನೈದು ನಿಮಿಷ ಪ್ರಾರ್ಥನೆ. ಶುಕ್ರವಾರ ತಾಯಿತಂದೆಯರೂ ಹಿಂದೆ ನಿಂತುಕೊಳ್ಳಬಹುದು. ಹಾಡಿನ ನಡುವೆ ಪಾದ್ರಿ, "ಇವತ್ತು ಯಾರಿಗಾಗಿ ಪ್ರಾರ್ಥನೆ ಮಾಡೋಣ?" ಎಂದು ಕೇಳುವರು. ಮಕ್ಕಳು ಕೈಯೆತ್ತಿ ಹೇಳುವರು: ನಮ್ಮಜ್ಜಿ, ನಮ್ಮ ನಾಯಿ, ಹಲ್ಲು ಕೀಳಿಸಿಕೊಳ್ಳಲಿರುವ ನಮ್ಮಣ್ಣ. ಒಮ್ಮೆ ಒಂದು ವಾರವಿಡೀ ಶಾಲೆಗೆ ಶಾಲೆಯೇ ಒಂದು ಹ್ಯಾಮ್‌ಸ್ಟರಿಗಾಗಿ ಪ್ರಾರ್ಥಿಸಿತ್ತು, ಅದು ಬದುಕಿಕೊಂಡಿತು ಕೂಡ. ನನ್ನ ಮಗಳು ಎಂದೂ ಕೈಯೆತ್ತಿದವಳಲ್ಲ. ಅವತ್ತು ಎತ್ತಿದಳು.

"ಅಪ್ಪನಿಗೆ" ಎಂದಳು. ಯಾರು ಎಂದು ಪಾದ್ರಿ ಮೆಲ್ಲಗೆ ಕೇಳಿದರು. ಮಗಳು ಎದ್ದು ನಿಂತು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು: "ನಮ್ಮ ಅಪ್ಪ. ಮಂಗಳವಾರ ಅವರ ಹಾರ್ಟ್ ಓಪನ್ ಮಾಡ್ತಾರೆ. ನಮ್ಮ ಅಮ್ಮನಿಗೆ ಡ್ರೈವಿಂಗ್ ಬರಲ್ಲ. ಅದಕ್ಕೇ ಅವಳು ಅಳ್ತಾಳೆ, ಬಾತ್‌ರೂಮಲ್ಲಿ."

ಯಾರೂ ತಿರುಗಿ ನನ್ನನ್ನು ನೋಡಲಿಲ್ಲ. ತಿರುಗಿ ನೋಡಬಾರದು ಎಂಬ ತಿಳಿವಳಿಕೆ ಅಲ್ಲಿದ್ದ ದೊಡ್ಡವರಿಗೆಲ್ಲ ಇತ್ತು. "ನಾವೆಲ್ಲ ಅಪ್ಪನಿಗಾಗಿ ಪ್ರಾರ್ಥಿಸೋಣ" ಎಂದರು ಪಾದ್ರಿ. ಆ ತೊಂಬತ್ತು ಮಕ್ಕಳೂ ಅದು ನನ್ನ ಗಂಡನ ಹೆಸರೇ ಎಂದುಕೊಂಡು, ಅವರವರಿಗೆ ತಿರುಗಿದ ಹಾಗೆ ನಾಲಿಗೆ ತಿರುಗಿಸಿ, "ಅಪ್ಪ" ಎಂದರು. ಆಗ ನನಗೆ ಬಂದದ್ದು ಕಣ್ಣೀರಲ್ಲ, ಸಿಟ್ಟು. ಅದನ್ನು ಮುಚ್ಚಿಡುವುದಿಲ್ಲ.

ಸಂಜೆ ಮನೆಗೆ ನಡೆದು ಬರುವ ದಾರಿಯಲ್ಲಿ ಮಗಳನ್ನು ಹಿಡಿದು ನಿಲ್ಲಿಸಿದೆ. "ಮನೆ ವಿಷಯ ಎಲ್ರ ಮುಂದೆ ಯಾಕೇ ಹೇಳ್ದೆ?"

ಅವಳು ಹೆದರಲಿಲ್ಲ, ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದಳು. "ಅಮ್ಮ, ನೀನು ಎವ್ರಿಬಡಿದೂ ಟೈಪ್ ಮಾಡ್ತೀಯ. ಅವ್ರ ಗ್ರ್ಯಾಂಡ್ಮಾ, ಅವ್ರ ಬೇಬಿ, ಎಲ್ಲಾ. ವೈ ನಾಟ್ ಅಪ್ಪ?"

ಅವಳ ಚೀಲವನ್ನು ನನ್ನ ಹೆಗಲಿಗೇರಿಸಿ ಸರಸರನೆ ನಡೆದೆ.

ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. ಫಾರ್ಮ್ ತುಂಬಿಸುವ ನೆಪದಲ್ಲಿ ಊರಿಗೆಲ್ಲ ಸಾರಿದಿರಲ್ಲ ಎಂದೆ. ಅವರು ದಿಂಬಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಹೋದ ತಿಂಗ್ಳು ಕಾಲು ಮುರ್ಕೊಂಡ್ರಲ್ಲ ಆ ಟೀಚರ್, ಅವ್ರಿಗೆ ಊಟದ ಲಿಸ್ಟ್ ಮಾಡಿದ್ದು ನೀನೇ ತಾನೇ?" ಎಂದರು.

"ಹೌದು. ಏನೀಗ?"

"ಅವ್ರ ಮರ್ಯಾದೆ ಹೋಯ್ತು ಅಂತ ಅನ್ನಿಸ್ತಾ ನಿಂಗೆ?"

ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ. ಅವರ ಮಾತು ಸರಿಯೆಂದು ಗೊತ್ತಾದಾಗಲೆಲ್ಲ ನಾನು ಮಾಡುವುದು ಅದನ್ನೇ.

ಶನಿವಾರ ಬೆಳಿಗ್ಗೆ ಸೆಕ್ರೆಟರಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಗೆರೆ ಹಾಕಿದ ಒಂದು ಹಾಳೆ. ನಾನು ಬೇರೆಯವರಿಗೆ ಮಾಡುತ್ತಿದ್ದಂಥದ್ದೇ ಪಟ್ಟಿ. ಆದರೆ ಗೆರೆಗಳು ಸೊಟ್ಟ, ನನ್ನಷ್ಟು ಅಂದವಾಗಿಲ್ಲ. ಏಳು ವಾರದ ಪ್ರತಿ ದಿನದ ಎದುರಿಗೂ ಒಂದು ಹೆಸರು. ಯಾರು ಡರ್ಹಮ್‌ಗೆ ಕರೆದೊಯ್ಯುವವರು, ಯಾರು ಮಗಳನ್ನು ಶಾಲೆಯಿಂದ ಕರೆದುಕೊಂಡು ಹೋಗುವವರು, ಎಲ್ಲ ಬರೆದಿತ್ತು. ಕೈಗವಸು ಕೇಳಿಕೊಂಡು ಬಂದ ಆ ತಾಯಿಯ ಹೆಸರು ಮೂರು ಕಡೆ ಇತ್ತು. ಸಹಾಯ ಬೇಕೇ ಎಂದು ಸೆಕ್ರೆಟರಿ ಕೇಳಲೇ ಇಲ್ಲ. "ಮಂಗಳವಾರ ಐದು ಗಂಟೆಗೆ ನಾನು ಕೆಳಗೆ ಪಾರ್ಕಿಂಗ್‌ನಲ್ಲಿ ಇರ್ತೀನಿ ಹನಿ. ನೀವು ಇಳಿದು ಬಂದ್ರೆ ಡರ್ಹಮ್‌ಗೆ ಹೋಗೋಣ. ಬರದಿದ್ರೆ ಮನೆಗೆ ಹೋಗಿ ಕಾಫಿ ಕುಡೀತೀನಿ. ನಾನು ಹೇಗಿದ್ರೂ ನಾಲ್ಕಕ್ಕೇ ಏಳೋಳು" ಎಂದು ಹೇಳಿ ಹೊರಟುಹೋದರು.

ಸೋಮವಾರ ಟ್ಯಾಕ್ಸಿಯವನಿಗೆ ಫೋನ್ ಮಾಡಿ ಬರಬೇಡವೆಂದೆ. ನನ್ನ ಬಾಯಿಂದ ಆ ಮಾತು ಹೊರಡಲು ಮಧ್ಯಾಹ್ನದವರೆಗೆ ಹಿಡಿಯಿತು.

ಮಂಗಳವಾರ ಮಗಳನ್ನು ಪಟ್ಟಿಯಲ್ಲಿದ್ದ ಒಂದು ಮನೆಯಲ್ಲಿ ಬಿಟ್ಟು, ಸೆಕ್ರೆಟರಿಯ ದೋಣಿಯಷ್ಟುದ್ದದ ಹಳೆಯ ಕಾರಿನಲ್ಲಿ ಹೋದೆವು. ಗಂಡನನ್ನು ಒಳಗೆ ಕರೆದೊಯ್ದ ಮೇಲೆ ಈಕೆ ನನ್ನನ್ನು ಬಿಟ್ಟು ಹಿಂತಿರುಗುತ್ತಾರೆ ಎಂದುಕೊಂಡಿದ್ದೆ. ಸೆಕ್ರೆಟರಿ ಚೀಲದಿಂದ ಉಣ್ಣೆಯ ಉಂಡೆ, ಎರಡು ಕಡ್ಡಿ ತೆಗೆದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಹೆಣೆಯತೊಡಗಿದರು. ಏನೂ ಆಗುವುದಿಲ್ಲ, ಧೈರ್ಯವಾಗಿರು ಎಂದು ಒಂದು ಸಲವೂ ಹೇಳಲಿಲ್ಲ. ಐದು ಗಂಟೆ ಕಾಲ ಅಲ್ಲೇ ಇದ್ದರು. ನಾನು ಎದ್ದು ಓಡಾಡಿದರೆ ಅವರು ಹೆಣೆಯುವುದನ್ನು ನಿಲ್ಲಿಸುವರು, ಕೂತರೆ ಮತ್ತೆ ಹೆಣೆಯುವರು. ಮಧ್ಯಾಹ್ನ ಡಾಕ್ಟರು ಬಂದು, ಹೊಸ ಕವಾಟ ಚೆನ್ನಾಗಿ ಕೂತಿದೆ ಎಂದಾಗ ನಾನು ಆ ಮುದುಕಿಯ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಸಂಜೆ ಗಂಡ ಕಣ್ಣು ಬಿಟ್ಟಾಗ ನಾನು ಪಕ್ಕದಲ್ಲೇ ಇದ್ದೆ.

ಆ ಗುರುವಾರವೂ ಪತ್ರಿಕೆ ಬಂತು. ಆಸ್ಪತ್ರೆಯಿಂದ ಬಂದು ನಾನೇ ಟೈಪ್ ಮಾಡಿದೆ, ಬೇರೆಯವರು ಮಾಡುತ್ತೇವೆಂದರೂ ಬಿಡಲಿಲ್ಲ. ಈ ಸಲ "ಸಂತೋಷಗಳು" ಕಾಲಂನಲ್ಲಿ ಮೊದಲ ಸಾಲು ನಮ್ಮದು. ಕೆಳಗೆ ಇನ್ನೊಂದು ಸಾಲನ್ನೂ ಸೇರಿಸಬೇಕಾಯಿತು, ಏಕೆಂದರೆ ಬುಧವಾರ ಬಂದ ತರಕಾರಿ ಸೂಪಿನಲ್ಲಿ ಕೋಳಿ ಇತ್ತು. "ಈ ಮನೆಯವರು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಹೌದು, ಕೋಳಿಯೂ ಮಾಂಸವೇ." ಆ ಸಾಲನ್ನು ಓದಿ ಇಡೀ ಶಾಲೆ ನಕ್ಕಿತು. ಆಮೇಲೆ ಆರು ವಾರ ನಮ್ಮ ಮನೆಗೆ ಬಂದಷ್ಟು ಬೀನ್ಸು, ಚೀಸು, ಆಲೂಗೆಡ್ಡೆ ಯಾರ ಮನೆಗೂ ಬಂದಿರಲಾರದು. ಸುದ್ದಿ ನಮ್ಮ ಜನರಿಗೂ ಮುಟ್ಟಿತು. ಕಾನ್ವೆಂಟ್ ಸೀಟಿನ ಆ ಆಂಟಿಯೇ ತಿಳಿಸಾರು ಹಿಡಿದುಕೊಂಡು ಬಂದು, "ನಮ್ಗ್ಯಾಕ್ರೀ ಹೇಳ್ಲಿಲ್ಲ? ನಾವೇನು ಹೊರಗಿನವ್ರಾ?" ಎಂದು ಬೈದರು. ಬೈಸಿಕೊಂಡೆ. ಆ ಸಾರಿನ ರುಚಿ ಇನ್ನೂ ನಾಲಿಗೆಯಲ್ಲಿದೆ.

ಮಕ್ಕಳು ಬಣ್ಣದ ಕಾಗದದಲ್ಲಿ ಕಾರ್ಡು ಮಾಡಿ ಕಳಿಸಿದ್ದರು. ಎಲ್ಲದರ ಮೇಲೂ "ಡಿಯರ್ ಅಪ್ಪ" ಎಂದೇ ಬರೆದಿತ್ತು. ನನ್ನ ಗಂಡ ನಕ್ಕರೆ ಎದೆಯ ಹೊಲಿಗೆ ನೋಯುತ್ತದೆಂದು ಅಳುಮುಖ ಮಾಡಿಕೊಂಡು ಓದುತ್ತಿದ್ದರು. "ತೊಂಬತ್ತು ಮಕ್ಕಳ ತಂದೆ ಆಗ್ಬಿಟ್ನಲ್ಲೇ" ಎಂದರು. ಅವುಗಳಲ್ಲಿ ಒಂದನ್ನೂ ನಾನು ಬಿಸಾಡಿಲ್ಲ.

ಸೆಕ್ರೆಟರಿ ಇನ್ನೊಂದು ಕೆಲಸ ಮಾಡಿದರು. ಮಧ್ಯಾಹ್ನ ಚರ್ಚಿನ ಖಾಲಿ ಪಾರ್ಕಿಂಗ್‌ನಲ್ಲಿ ಆ ಉದ್ದದ ಕಾರಿನ ಬೀಗದ ಕೈಯನ್ನು ನನಗೆ ಕೊಟ್ಟು ಪಕ್ಕದಲ್ಲಿ ಕೂತರು. ನಾನು ಎರಡು ಸಲ ಪೊದೆಗೆ ಗುದ್ದಿದೆ. "ಪೊದೆ ಮತ್ತೆ ಬೆಳೆಯುತ್ತೆ ಹನಿ, ರಿವರ್ಸ್ ಹಾಕು" ಎಂದರು. ಏಳನೆಯ ವಾರ ಮೂರನೆಯ ಸಲ ಟೆಸ್ಟಿಗೆ ಹೋಗಿ ಪಾಸಾದೆ. ಪಟ್ಟಿಯ ಕೊನೆಯ ಮೂರು ದಿನಗಳ ಹೆಸರುಗಳನ್ನು ಹೊಡೆದು ನನ್ನ ಹೆಸರು ಬರೆದೆ. ಗಂಡನನ್ನು ಡಾಕ್ಟರಿಗೆ ತೋರಿಸಲು ಡರ್ಹಮ್‌ವರೆಗೂ ನಾನೇ ಓಡಿಸಿಕೊಂಡು ಹೋದೆ. ಅವರು ದಾರಿಯುದ್ದಕ್ಕೂ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಪರೇಷನ್ನಿಗೂ ಇಷ್ಟು ಹೆದರಿರಲಿಲ್ಲವಂತೆ.

ಪಟ್ಟಿ ಮುಗಿದ ವಾರ ಬುಧವಾರ ಎಂದಿನಂತೆ ಟೈಪ್ ಮಾಡಲು ಕೂತೆ. ಕೈಬರಹದ ಚೀಟಿಗಳು ಒಂದೊಂದಾಗಿ ಮುಗಿದವು. ಮೇಷ್ಟ್ರ ಟವೆಲಿನ ಅಭ್ಯಾಸ, ಬೆರಳು ಟೈಪ್ ಮಾಡಿದ ಮೇಲೆಯೇ ತಲೆಗೆ ಅರ್ಥ ಹತ್ತುವುದು. ಕೊನೆಯ ಚೀಟಿ ಸೆಕ್ರೆಟರಿಯ ಅಕ್ಷರದಲ್ಲಿತ್ತು. "ಸಿಕ್ಕಿದೆ: ಕೆಂಪು ಉಣ್ಣೆಯ ಕೈಗವಸು, ಎಡಗೈಯದು ಮಾತ್ರ. ಕಳೆದುಕೊಂಡವರು ಆಫೀಸಿಗೆ ಬನ್ನಿ." ಪೂರ್ತಿ ಟೈಪ್ ಮಾಡಿದ ಮೇಲೆ ನನ್ನ ಕೈ ನಿಂತಿತು.

ತಲೆಯೆತ್ತಿದೆ. ಅವರ ಮೇಜಿನ ಮೇಲೆ, ಫೋನಿನ ಪಕ್ಕದಲ್ಲಿ, ಆ ಆಸ್ಪತ್ರೆಯ ಐದು ಗಂಟೆಗಳಲ್ಲಿ ನಾನು ನೋಡಿಯೂ ನೋಡದ ಉಣ್ಣೆಯ ಕೆಲಸ ಒಂದೇ ಒಂದು ಕೆಂಪು ಕೈಗವಸಾಗಿ ಮುಗಿದು ಕೂತಿತ್ತು. ಮಕ್ಕಳ ಅಳತೆಯದಲ್ಲ, ದೊಡ್ಡವರ ಕೈಗೆ ಆಗುವಂಥದ್ದು.

"ಎಂಟು ವಾರದಿಂದ ನಿಜವಾಗಿ ಕಳೆದುಕೊಂಡವ್ರು ಬಂದು ಕೇಳ್ಲೇ ಇಲ್ಲ" ಎಂದರು ಸೆಕ್ರೆಟರಿ, ಪೆನ್ಸಿಲ್ ಚೂಪು ಮಾಡುತ್ತಲೇ. "ನಿನಗೆ ಗೊತ್ತಾ ಹನಿ, ಯಾರದ್ದು ಅಂತ?"

ಎದ್ದು ಹೋಗಿ ಅವರ ಮೇಜಿನ ಮುಂದೆ ನಿಂತೆ. "ನನ್ನದು" ಎಂದೆ.

ಎಡಗೈಗೆ ಹಾಕಿಕೊಂಡು ನೋಡಿದೆ, ಸರಿಯಾಗಿತ್ತು. ಆಮೇಲೆ ತೆಗೆದು ಪಕ್ಕಕ್ಕಿಟ್ಟು ಮತ್ತೆ ಟೈಪ್ ಮಾಡಲು ಕೂತೆ. ವಸ್ತುವಿನ ವಾರಸುದಾರಳು ಸಿಕ್ಕಿದ ಮೇಲೆ ಆ ಸಾಲಿಗೆ ಪತ್ರಿಕೆಯಲ್ಲಿ ಕೆಲಸವಿರಲಿಲ್ಲ. ಆದರೆ ನನಗಾಗಿ ಬರೆದ ಸಾಲನ್ನು ಈ ಸಲ ನಾನು ತೆಗೆಯಲಿಲ್ಲ.